ಹಳೆಯ ಇಟ್ಟಂಗಿ ಗೋಡೆಗೆ ಹೊರಗೆ ಏನು ಹಚ್ಚಬೇಕು?

ಬೀದರ ನಗರದ ಚೌಬಾರಾದಿಂದ ಮಹಮೂದ್ ಗವಾನ್ ಮದರಸಾದ ಕಡೆಗೆ ಹೋಗುವ ದಾರಿಯ ಎಡಬಲದ ಓಣಿಗಳಲ್ಲಿ, ಭಾಲ್ಕಿಯ ಹಳೇ ಪೇಟೆಯಲ್ಲಿ, ಔರಾದಿನ ವಾಡೆಗಳಲ್ಲಿ ಇನ್ನೂ ಒಂದೂವರೆ ಅಡಿಯಿಂದ ಎರಡೂವರೆ ಅಡಿ ದಪ್ಪದ ಗೋಡೆಗಳ ಮನೆಗಳು ಉಳಿದಿವೆ. ಶಿವರಾತ್ರಿ ದಾಟಿ ಬಿಸಿಲು ಬಲಿಯುತ್ತಿದ್ದಂತೆ ಇಂಥ ಮನೆಯವರಿಗೆ ಒಂದು ಪ್ರಶ್ನೆ ಏಳುತ್ತದೆ. ಹೊರಗೋಡೆ ಉದುರುತ್ತಿದೆ, ಒಳಗೆ ಸೆಖೆ, ಮಳೆಗಾಲದಲ್ಲಿ ಹಸಿ. ಏನು ಹಚ್ಚಿದರೆ ಈ ಮೂರೂ ನಿಲ್ಲುತ್ತವೆ? ಗೌಂಡಿಯ ಉತ್ತರ ಸಿದ್ಧವಾಗಿರುತ್ತದೆ: "ಸಿಮೆಂಟ್ ಗಿಲಾವ್ ಹೊಡ್ಸಿಬಿಡ್ರಿ ಮಾಲಕ್ರೇ, ಇಪ್ಪತ್ತ್ ವರ್ಷ ಹೊಳ್ಳಿ ನೋಡೋದ್ ಬ್ಯಾಡ." ಬಣ್ಣದ ಅಂಗಡಿಯವರು ಶಾಖ ತಡೆಯುವ ಹೊಸ ಪೇಂಟಿನ ಡಬ್ಬಿ ತೋರಿಸುತ್ತಾರೆ. ಹಳೆಯ ಕಟ್ಟಡಗಳನ್ನು ಬಲ್ಲ ವಾಸ್ತುಶಿಲ್ಪಿಗಳು ಸುಣ್ಣಕ್ಕೆ ಮರಳಿ ಎನ್ನುತ್ತಾರೆ. ಮೂವರೂ ಒಂದೇ ಗೋಡೆಯ ಬಗ್ಗೆ ಮಾತಾಡುತ್ತಿದ್ದಾರೆಯೇ ಎಂಬುದೇ ನನ್ನ ಮೊದಲ ಅನುಮಾನ.

ಗೋಡೆಗಳು ಊರಿಂದೂರಿಗೆ ಬೇರೆ. ಬೀದರ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಮೈತುಂಬ ತೂತು. ಅಹ್ಮದ್ ಶಾ ವಲಿ ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಕೋಟೆ, ಅರಮನೆ, ಮನೆ ಎಲ್ಲಕ್ಕೂ ಇದೇ ಕಲ್ಲು, ಇದರ ಜೊತೆಗೆ ಇಟ್ಟಂಗಿ, ನಡುವೆ ಗಚ್ಚು ಎನ್ನುವ ಸುಣ್ಣದ ಗಾರೆ, ಮೇಲೆ ಗಚ್ಚಿನ ಗಿಲಾವು. ದಿಬ್ಬ ಇಳಿದು ಭಾಲ್ಕಿ, ಔರಾದಿನ ಕಡೆ ನಡೆದರೆ ಎರೆ ನೆಲ, ಕರಿಕಲ್ಲು. ಅಲ್ಲಿನ ಹಳೆಯ ಮನೆಗಳಲ್ಲಿ ಕೆಳಗೆ ಕರಿಕಲ್ಲಿನ ಕಟ್ಟು, ಮೇಲೆ ಇಟ್ಟಂಗಿ, ಒಳಗೆ ಮಣ್ಣಿನ ಗಾರೆ, ಸಂದುಗಳಿಗೆ ಮಾತ್ರ ಸುಣ್ಣ, ತಲೆಯ ಮೇಲೆ ಮಣ್ಣಿನ ಮಾಳಿಗೆ. ಉಳ್ಳವರ ಮನೆಗೆ ಗಚ್ಚು, ಉಳಿದವರ ಮನೆಗೆ ಮಣ್ಣು ಮತ್ತು ಸಗಣಿ. ಒಂದು ವಿಷಯದಲ್ಲಿ ಮಾತ್ರ ಮೂರೂ ಊರಿನ ಗೋಡೆಗಳು ಒಂದೇ: ಅವು ನೀರು ಕುಡಿಯುತ್ತವೆ, ಬಿಸಿಲು ಬಂದಾಗ ಅದನ್ನು ಬಿಟ್ಟುಕೊಡುತ್ತವೆ. ಇವತ್ತಿನ ಸಿಮೆಂಟ್ ಕಾಂಕ್ರೀಟಿನ ಮನೆ ನೀರನ್ನು ಹೊರಗೇ ತಡೆದು ಬದುಕುತ್ತದೆ. ಹಳೆಯ ಮನೆಗೆ ನೀರು ಬರುವುದು ಗೊತ್ತು, ಹೋಗುವ ದಾರಿ ಇದ್ದರೆ ಸಾಕು. ಲೇಪದ ಚರ್ಚೆಯೆಲ್ಲ ಈ ಹೋಗುವ ದಾರಿಯ ಚರ್ಚೆ.

ಗೋಡೆ ಉಸಿರಾಡುತ್ತದೆ ಎಂದರೆ ಗಾಳಿ ಆಚೀಚೆ ಓಡಾಡುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಗಾಳಿಗೆ ಕಿಟಕಿ ಬಾಗಿಲು ಇವೆ. ಗೋಡೆಯಲ್ಲಿ ಓಡಾಡುವುದು ತೇವ. ಅದೂ ಎರಡು ಬಗೆಯಲ್ಲಿ. ಒಂದು, ಆವಿಯಾಗಿ. ಯುರೋಪಿನ ಮಾನದಂಡಗಳು ಇದನ್ನು ಎಷ್ಟು ಮೀಟರ್ ನಿಶ್ಚಲ ಗಾಳಿಗೆ ಸಮ ಎಂದು ಅಳೆಯುತ್ತವೆ. ಎರಡು ಸೆಂಟಿಮೀಟರ್ ಗಚ್ಚಿನ ಗಿಲಾವು ಸುಮಾರು 20 ಸೆಂಟಿಮೀಟರ್ ಗಾಳಿಯಷ್ಟು ಆವಿಗೆ ಅಡ್ಡಿ ಮಾಡುತ್ತದೆ, ಅಷ್ಟೇ ದಪ್ಪದ ಸಿಮೆಂಟ್ ಗಿಲಾವು ಅದರ ಎರಡು ಪಟ್ಟು. ಹೊರಬಣ್ಣಗಳಲ್ಲಿ 14 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಧಾರಾಳವಾಗಿ ಆವಿ ಬಿಡುವ ಬಣ್ಣ, 1.4 ಮೀಟರ್ ದಾಟಿದರೆ ಮುಚ್ಚಿದ ಬಣ್ಣ ಎಂದು ಲೆಕ್ಕ. ಇನ್ನೊಂದು, ನೀರಾಗಿಯೇ ಸೂಕ್ಷ್ಮರಂಧ್ರಗಳ ಮೂಲಕ ಹರಿಯುವುದು. ನನ್ನ ಮಟ್ಟಿಗೆ ಇದೇ ದೊಡ್ಡದು. ಗಚ್ಚು ಮತ್ತು ಮಣ್ಣಿನ ಲೇಪ ಇಟ್ಟಂಗಿಯಿಂದ ನೀರನ್ನು ಹೀರಿ ಮೇಲ್ಮೈಗೆ ತರುತ್ತವೆ, ಅಲ್ಲಿ ಬಿಸಿಲು ಗಾಳಿ ಅದನ್ನು ಒಯ್ಯುತ್ತವೆ. ಅಕ್ರಿಲಿಕ್ ಬಣ್ಣದ ಪದರ ಆವಿಯನ್ನು ಒಂದಿಷ್ಟು ಬಿಟ್ಟರೂ ನೀರನ್ನು ಬಿಡುವುದಿಲ್ಲ. ಡಬ್ಬಿಯ ಮೇಲೆ ಉಸಿರಾಡುವ ಬಣ್ಣ ಎಂದು ಬರೆದಿದ್ದರೆ ಅದು ಅರ್ಧ ನಿಜ ಎನ್ನುವುದು ಇದಕ್ಕೇ.

ನೀರಿನ ಹಿಂದೆ ಉಪ್ಪು ಬರುತ್ತದೆ, ಕೆಡುಕು ಮಾಡುವುದು ಅದು. ಎರೆ ನೆಲದ ಊರುಗಳಲ್ಲಿ ಮಾಳಿಗೆಗೆ, ಗೋಡೆಗೆ ಹಳೇ ಊರಿನ ದಿಬ್ಬದ ಸವಳುಮಣ್ಣು ತಂದು ಹಾಕುವ ರೂಢಿ ಇತ್ತು; ಅದು ಮಳೆಗೆ ಕರಗದೆ ಅಂಟಿಕೊಳ್ಳುತ್ತದೆ, ಆದರೆ ಉಪ್ಪನ್ನೂ ಹೊತ್ತು ತರುತ್ತದೆ. ದನದ ಕೊಟ್ಟಿಗೆ, ಬಚ್ಚಲು, ಬಯಲು ಚರಂಡಿ ಉಳಿದದ್ದನ್ನು ಸೇರಿಸುತ್ತವೆ. ಹಳೆಯ ಗೋಡೆಯ ಉಪ್ಪಿನ ಗುಣವನ್ನು ಬೀದರಿನಷ್ಟು ಬಲ್ಲ ಊರು ಬೇರೆ ಇರಲಾರದು! ಬಿದರಿ ಕುಸುರಿಯವರು ಸತುವಿನ ಪಾತ್ರೆಯನ್ನು ಕಪ್ಪಾಗಿಸಲು ಕೋಟೆಯೊಳಗೆ ಮಳೆ ಬಿಸಿಲು ತಾಗದ ಜಾಗದ ಮಣ್ಣನ್ನೇ ಹುಡುಕಿ ತಂದು ನವಸಾಗರದೊಂದಿಗೆ ಕುದಿಸುತ್ತಾರೆ. ಆ ಮಣ್ಣಿನಲ್ಲಿ ಕೂಡಿಕೊಂಡ ಲವಣಗಳೇ ಅದರ ಬಲ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಕುಸುರಿಗೆ ವರವಾದದ್ದು ಗೋಡೆಗೆ ಶಾಪ. ಗೋಡೆ ಒಣಗುವಾಗ ಉಪ್ಪು ಹರಳಾಗುತ್ತದೆ, ಹರಳು ಬೆಳೆಯುತ್ತ ಸುತ್ತಲಿನ ರಂಧ್ರವನ್ನು ಒಡೆಯುತ್ತದೆ. ಮೇಲೆ ಗಚ್ಚಿದ್ದರೆ ಗಚ್ಚು ಪುಡಿಯಾಗುತ್ತದೆ, ಇಟ್ಟಂಗಿ ಉಳಿಯುತ್ತದೆ. ಮೇಲೆ ಸಿಮೆಂಟು, ಅದರ ಮೇಲೆ ಬಣ್ಣದ ಪದರ ಇದ್ದರೆ ಉಪ್ಪು ಹಿಂದೆಯೇ ಹರಳುಗಟ್ಟಿ ಇಟ್ಟಂಗಿಯನ್ನು ತಿನ್ನುತ್ತದೆ. ಹಳೇ ಪೇಟೆಗಳಲ್ಲಿ ಸಿಮೆಂಟ್ ಗಿಲಾವು ದೊಡ್ಡ ಹಪ್ಪಳಗಳಂತೆ ಕಳಚಿಕೊಂಡಾಗ ಅದರ ಬೆನ್ನಿಗೆ ಇಟ್ಟಂಗಿಯ ಪುಡಿ ಅಂಟಿಕೊಂಡಿರುವುದನ್ನು ಯಾರು ಬೇಕಾದರೂ ನೋಡಬಹುದು. ಗಿಲಾವು ಗಟ್ಟಿಯಾಗಿಯೇ ಉಳಿದಿರುತ್ತದೆ, ಗೋಡೆ ಹೋಗಿರುತ್ತದೆ.

ಹೊರ ಬರಲು ದಾರಿ ಸಿಗದ ತೇವ ಮೇಲಕ್ಕೆ ಏರುತ್ತದೆ. ಮೊಣಕಾಲೆತ್ತರಕ್ಕಿದ್ದ ಹಸಿ ಎದೆಯೆತ್ತರಕ್ಕೆ ಬಂದಾಗ ಮನೆಯವರು ಇನ್ನಷ್ಟು ಮೇಲಿನವರೆಗೆ ಸಿಮೆಂಟ್ ಬಳಿಸುತ್ತಾರೆ, ಹಸಿ ಇನ್ನಷ್ಟು ಏರುತ್ತದೆ. ಇದರ ಜೊತೆಗೆ ಓಣಿಯ ರಸ್ತೆ ಇದೆ. ಸಿಮೆಂಟ್ ರಸ್ತೆಯನ್ನು ಹಳೆಯದರ ಮೇಲೆ ಹೊಸದೆಂದು ಹಾಕುತ್ತ ಹೋದಂತೆ ಅನೇಕ ಹಳೆಯ ಮನೆಗಳ ಜಗಲಿ ರಸ್ತೆಗೆ ಸಮವಾಗಿದೆ, ಕೆಲವು ಕಡೆ ತಗ್ಗಾಗಿದೆ. ಮಳೆನೀರು ಗೋಡೆಯ ಬುಡಕ್ಕೇ ನಿಲ್ಲುವಾಗ ಯಾವ ಕಂಪನಿಯ ಯಾವ ಬಣ್ಣವೂ ಏನೂ ಮಾಡಲಾರದು.

ಇಷ್ಟಾದರೂ ಜನ ಸಿಮೆಂಟಿನ ಕಡೆಗೆ ಹೋದದ್ದು ಬುದ್ಧಿಗೇಡಿತನದಿಂದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ತೀವ್ರತೆ 6ಕ್ಕಿಂತ ಹೆಚ್ಚು, ಸತ್ತವರು ಹತ್ತಿರಹತ್ತಿರ ಹತ್ತು ಸಾವಿರ. ಕಿಲ್ಲಾರಿ ಭಾಲ್ಕಿಯಿಂದ ನೇರ ಪಶ್ಚಿಮಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಎಪ್ಪತ್ತು ಕಿಲೋಮೀಟರಿನ ಒಳಗೇ ಇದೆ. ಅಲ್ಲಿ ಬಿದ್ದ ಮನೆಗಳು ನಮ್ಮ ಮನೆಗಳಂಥವೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಆ ಬೆಳಗಿನ ನಂತರ ಈ ಭಾಗದಲ್ಲಿ ಹಳೆಯ ಗೋಡೆ ಎಂದರೆ ಭಯ, ಸಿಮೆಂಟ್ ಎಂದರೆ ಧೈರ್ಯ. ಆ ಭಯವನ್ನು ಹಗುರವಾಗಿ ನೋಡಬಾರದು. ಆದರೆ ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಗೋಡೆಯ ಒಳಗಿನ ಬಿಗಿ ಇಲ್ಲದ ಕಟ್ಟು ಮತ್ತು ತಲೆಯ ಮೇಲಿನ ಮಣ್ಣಿನ ಭಾರ. ಎರಡು ಸೆಂಟಿಮೀಟರ್ ಸಿಮೆಂಟ್ ಬಳಿದರೆ ಆ ಎರಡೂ ಬದಲಾಗುವುದಿಲ್ಲ. ಗಚ್ಚು ಬಳಿದರೂ ಬದಲಾಗುವುದಿಲ್ಲ, ಅದನ್ನೂ ಹೇಳಬೇಕು. ಮೂಲೆಗಳಿಗೆ ಬಿಗಿ, ಅಡ್ಡಗಲ್ಲು, ಹಗುರ ಸೂರು, ಇವು ಬೇರೆ ಕೆಲಸ. ಲೇಪಕ್ಕೂ ಮೊದಲು ಆಗಬೇಕಾದ ಕೆಲಸ.

ಈಗ ಸೆಖೆಯ ಮಾತು. ಬೀದರ ಎತ್ತರದಲ್ಲಿರುವುದರಿಂದ ಕಲಬುರಗಿ, ರಾಯಚೂರಿನಷ್ಟು ಕಾಯುವುದಿಲ್ಲ. ಚಳಿಗಾಲದಲ್ಲಂತೂ ರಾಜ್ಯದ ಅತಿ ಕಡಿಮೆ ಉಷ್ಣಾಂಶ ದಾಖಲಾದ ಊರುಗಳ ಪಟ್ಟಿಯಲ್ಲಿ ಅದರ ಹೆಸರು ಆಗಾಗ ಇರುತ್ತದೆ. ಆದರೂ ಏಪ್ರಿಲ್ ಮೇ ತಿಂಗಳಲ್ಲಿ ಪಾರಾ 40ರ ಸುತ್ತ ಆಡುತ್ತದೆ, ರಾತ್ರಿ ಚೆನ್ನಾಗಿ ಇಳಿಯುತ್ತದೆ. ಹಗಲಿಗೂ ರಾತ್ರಿಗೂ ಇಷ್ಟು ಅಂತರವಿರುವ ಒಣ ಹವೆಗೆ ದಪ್ಪ ಗೋಡೆಯಷ್ಟು ಒಗ್ಗಿದ್ದು ಬೇರೊಂದಿಲ್ಲ. ಒಂಬತ್ತು ಇಂಚಿನ ಇಟ್ಟಂಗಿ ಗೋಡೆ ಹೊರಗಿನ ಬಿಸಿಯನ್ನು ಒಳಗೆ ಮುಟ್ಟಿಸಲು ಆರೇಳು ಗಂಟೆ ತೆಗೆದುಕೊಂಡರೆ ಹದಿನೆಂಟು ಇಂಚಿನದು ಹೆಚ್ಚುಕಡಿಮೆ ಅರ್ಧ ದಿನ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಹೊರಗೆ ತಂಪಾಗಿ ಕಿಟಕಿ ತೆರೆಯುವ ಹೊತ್ತು. ಇದೇ ಗೋಡೆ ಹಸಿಯಾಗಿದ್ದರೆ ಲೆಕ್ಕ ಕೆಡುತ್ತದೆ. ರಂಧ್ರಗಳಲ್ಲಿ ಗಾಳಿಯ ಬದಲು ನೀರು ಕೂತಾಗ ಇಟ್ಟಂಗಿ ಶಾಖ ದಾಟಿಸುವ ವೇಗ ಒಣ ಇಟ್ಟಂಗಿಯ ಒಂದೂವರೆ ಪಟ್ಟು ಮೀರಬಹುದು. ಹಾಗಾಗಿ ಗೋಡೆಯನ್ನು ಒಣಗಲು ಬಿಡುವ ಲೇಪವೇ ಅದರ ಮಟ್ಟಿಗೆ ಶಾಖ ತಡೆಯುವ ಲೇಪ. ಉಸಿರಾಟ ಬೇರೆ, ತಂಪು ಬೇರೆ ಎಂದು ಮಾರುಕಟ್ಟೆ ಎರಡು ಡಬ್ಬಿಗಳಲ್ಲಿ ಮಾರುವುದನ್ನು ಹಳೆಯ ಗೋಡೆ ಒಂದೇ ಸಂಗತಿ ಎಂದು ತಿಳಿಯುತ್ತದೆ.

ಶಾಖ ತಡೆಯುವ ಪೇಂಟು ಎಂದು ಮಾರುವ ಡಬ್ಬಿಗಳ ಲೆಕ್ಕ ನೋಡೋಣ. ಅವುಗಳಲ್ಲಿ ಸೂಕ್ಷ್ಮ ಗಾಜಿನ ಅಥವಾ ಪಿಂಗಾಣಿಯ ಪೊಳ್ಳು ಗುಂಡುಗಳಿರುತ್ತವೆ, ಬಾಹ್ಯಾಕಾಶ ನೌಕೆಯ ಹೆಸರೂ ಎಲ್ಲೋ ಸುಳಿಯುತ್ತದೆ. ಎರಡು ಕೈ ಬಳಿದರೆ ದಪ್ಪ ಅಬ್ಬಬ್ಬಾ ಎಂದರೆ 0.3 ಮಿಲಿಮೀಟರ್. ಅದರ ಶಾಖ ಸಾಗಿಸುವ ಗುಣ ಇಟ್ಟಂಗಿಯ ಹದಿನಾಲ್ಕನೆಯ ಒಂದು ಭಾಗ ಎಂದು ಉದಾರವಾಗಿ ಒಪ್ಪಿಕೊಂಡರೂ, ಆ ಪದರ ತಡೆಯುವ ಶಾಖ ನಾಲ್ಕು ಮಿಲಿಮೀಟರ್ ಇಟ್ಟಂಗಿ ತಡೆಯುವಷ್ಟು. ನಾನೂರೈವತ್ತು ಮಿಲಿಮೀಟರ್ ಗೋಡೆಗೆ ಇನ್ನು ನಾಲ್ಕು ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಚ್ಚಿದವರಿಗೆ ಮನೆ ತಂಪಾದಂತೆ ಅನಿಸುವುದು ಸುಳ್ಳಲ್ಲ, ಆದರೆ ಕಾರಣ ಗುಂಡುಗಳಲ್ಲ, ಬಿಳುಪು. ಬೂದು ಸಿಮೆಂಟು ಅಥವಾ ಬರಿ ಇಟ್ಟಂಗಿ ಬಿಸಿಲಿನ ಮೂರರಲ್ಲಿ ಎರಡು ಪಾಲನ್ನು ನುಂಗುತ್ತದೆ. ಶುಭ್ರ ಬಿಳಿ ಮೇಲ್ಮೈ ಐದರಲ್ಲಿ ಒಂದು ಪಾಲನ್ನಷ್ಟೇ. ಸಂಜೆ ಬಿಸಿಲು ಹೊಡೆಯುವ ಪಡುವಣ ಗೋಡೆಗೆ ಈ ವ್ಯತ್ಯಾಸ ದೊಡ್ಡದು. ಆ ಬಿಳುಪು ಒಂದು ಚೀಲ ಸುಣ್ಣದಲ್ಲೂ ಸಿಗುತ್ತದೆ, ಗೋಡೆಯ ಬಾಯಿ ಕಟ್ಟದೆ ಸಿಗುತ್ತದೆ.

ಸುಣ್ಣದ ಮೇಲಿನ ದೂರು ಎಲ್ಲರಿಗೂ ಗೊತ್ತಿದೆ: ಮೈಗೆ ಅಂಟುತ್ತದೆ, ಮಳೆಗೆ ತೊಳೆದು ಹೋಗುತ್ತದೆ, ವರ್ಷ ವರ್ಷ ಹಚ್ಚಬೇಕು. ದಸರೆ ದೀಪಾವಳಿಗೆ ಮನೆಮಂದಿಯೆಲ್ಲ ಸೇರಿ ಸುಣ್ಣ ಹಚ್ಚುತ್ತಿದ್ದ ದಿನಗಳಲ್ಲಿ ಕೊನೆಯದು ದೂರಾಗಿರಲಿಲ್ಲ. ಈಗ ಕೂಲಿ ಕೊಟ್ಟು ಹಚ್ಚಿಸುವಾಗ ದೂರೇ. ಅಂಟುವ ಸುಣ್ಣ ಮಾತ್ರ ಹೆಚ್ಚಾಗಿ ಕೆಟ್ಟ ಕೆಲಸದ ಗುರುತು. ಚೀಲದ ಪುಡಿಯನ್ನು ನೀರಿಗೆ ಕಲಸಿ ದಪ್ಪಗೆ ಒಂದೇ ಸಲ, ಒಣಗಿದ ಬಿಸಿ ಗೋಡೆಗೆ ಬಳಿದರೆ ಅದು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವ ಮೊದಲೇ ಒಣಗಿ ಧೂಳಾಗುತ್ತದೆ. ವಾರಗಟ್ಟಲೆ ನೀರಲ್ಲಿ ಕೊಳೆಸಿದ ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಯನ್ನು ನೆನೆಸಿ, ನಾಲ್ಕೈದು ಕೈ ಹಚ್ಚಿದರೆ ಮೂರು ನಾಲ್ಕು ವರ್ಷ ನಿಲ್ಲುತ್ತದೆ. ಗೋಂದು ಹೆಚ್ಚು ಬೆರೆಸಿದರೆ ಅಂಟುವುದು ನಿಲ್ಲುತ್ತದೆ, ಉಸಿರೂ ಕಟ್ಟುತ್ತದೆ.

ಸುಣ್ಣದ ಕೆಳಗಿನ ಗಿಲಾವಿನ ಬಗ್ಗೆ ಬೀದರಿನಲ್ಲಿ ಪಾಠ ಓದಲು ಪುಸ್ತಕ ಬೇಡ, ಕೋಟೆಗೂ ಅಷ್ಟೂರಿಗೂ ಹೋದರೆ ಆಯಿತು. ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರಿನ ಸ್ಮಾರಕಗಳ ಗ್ರಂಥವನ್ನು ಹಿಡಿದು ನಡೆದರೂ ಸರಿ, ಬರಿಗೈಯಲ್ಲಿ ನಡೆದರೂ ಸರಿ, ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಗಚ್ಚು ಉಳಿದಲ್ಲಿ ಜಂಬಿಟ್ಟಿಗೆ ಚೂಪಾಗಿ ಉಳಿದಿದೆ, ಗಚ್ಚು ಬಿದ್ದಲ್ಲಿ ಕಲ್ಲು ಜೇನುಗೂಡಾಗಿದೆ. ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗುಮ್ಮಟದೊಳಗಿನ ಬಣ್ಣದ ಚಿತ್ತಾರ ಇವತ್ತಿಗೂ ಹೊಳೆಯುತ್ತಿದೆ. ಅರಸರ ಕೆಲಸ, ಖರ್ಚಿಗೆ ಲೆಕ್ಕವಿಲ್ಲದೆ ಮಾಡಿದ್ದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಕ್ರಮ ಒಂದೇ ಆಗಿತ್ತು. ಸುಣ್ಣ, ಮರಳು, ಸುಟ್ಟ ಇಟ್ಟಂಗಿಯ ಪುಡಿಯಾದ ಸುರ್ಕಿ, ಅಳಲೆಕಾಯಿಯ ನೀರು, ಬೆಲ್ಲ. ಎತ್ತು ತಿರುಗಿಸುವ ಗಾಣದಲ್ಲಿ ಅರೆತ. ಸುರ್ಕಿ ಸುಣ್ಣದೊಂದಿಗೆ ಸೇರಿ ಹಸಿಯಲ್ಲೂ ಬಿಗಿಯುತ್ತದೆ, ಅದಕ್ಕೇ ಮಳೆ ಹೊಡೆಯುವ ಹೊರಗೋಡೆಗೆ ಅದು ಬೇಕು. ಭಾರತೀಯ ಮಾನಕ ಸಂಸ್ಥೆಯಲ್ಲಿ ಕಟ್ಟಡದ ಸುಣ್ಣಕ್ಕೆ 712, ಸುಣ್ಣದ ಗಿಲಾವಿಗೆ 2394 ಎಂಬ ಸಂಖ್ಯೆಯ ಮಾನಕಗಳೂ ಇವೆ. ಬಳಸುವವರು ಕಡಿಮೆ. ವಿಪರ್ಯಾಸ ನೋಡಿ, ಸೇಡಂ, ವಾಡಿ, ಶಹಾಬಾದಿನ ಸುಣ್ಣಕಲ್ಲು ನಮ್ಮ ನೆರೆಯಲ್ಲೇ ಇದೆ, ಅದರ ಬಹುಪಾಲು ಸಿಮೆಂಟ್ ಕಾರ್ಖಾನೆಯ ಬಾಯಿಗೆ ಹೋಗುತ್ತದೆ. ಮನೆಗೆ ಬೇಕಾದ ಒಳ್ಳೆಯ ಸುಣ್ಣ ಹುಡುಕಿ ತರಬೇಕು.

ಗಚ್ಚು ಮಾತ್ರ ದೊಡ್ಡ ಶಾಖನಿರೋಧಕವಲ್ಲ. ಅದರ ಗುಣ ಇಟ್ಟಂಗಿಗೆ ಹತ್ತಿರ. ನಿಜವಾದ ತಡೆ ಬೇಕಾದರೆ ಗಚ್ಚಿನೊಳಗೆ ಗಾಳಿ ತುಂಬಬೇಕು. ಯುರೋಪಿನಲ್ಲಿ ಬಿರಡೆ ಮರದ ತೊಗಟೆಯ ಚೂರು, ಸೆಣಬಿನಂಥ ಗಾಂಜಾ ಗಿಡದ ದಂಟು, ಕಾಸಿ ಅರಳಿಸಿದ ಪರ್ಲೈಟ್ ಎಂಬ ಜ್ವಾಲಾಮುಖಿ ಗಾಜು, ಇವನ್ನೆಲ್ಲ ಸುಣ್ಣದಲ್ಲಿ ಕಲಸಿ ನಾಲ್ಕೈದು ಸೆಂಟಿಮೀಟರ್ ದಪ್ಪ ಬಳಿಯುತ್ತಾರೆ. ಗಾಂಜಾ ನಾರಿನ ಗಾರೆ ನಮ್ಮ ದಖ್ಖನಿಗೆ ಹೊಸದೇನಲ್ಲ. ಎಲ್ಲೋರದ ಗುಹೆಗಳ ಲೇಪದಲ್ಲಿ ಅದು ಇದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮಗೆ ಕೈಗೆಟುಕುವುದು ಪರ್ಲೈಟ್. ನಾಲ್ಕು ಸೆಂಟಿಮೀಟರ್ ಪರ್ಲೈಟ್ ಗಚ್ಚು ಹೆಚ್ಚುಕಡಿಮೆ ಹನ್ನೊಂದು ಇಂಚು ಇಟ್ಟಂಗಿಯಷ್ಟು ಶಾಖ ತಡೆಯುತ್ತದೆ. ಒಂಬತ್ತು ಇಂಚಿನ ಗೋಡೆಗೆ ಇದು ದೊಡ್ಡ ಲಾಭ. ಎರಡಡಿ ಗೋಡೆಗೆ ಹಣ ಸುರಿದಂತೆ. ಮೆತ್ತಗಿರುವುದರಿಂದ ಓಣಿಯ ಬದಿಯಲ್ಲಿ ಸೈಕಲ್ ತಾಗಿದರೂ ಪೆಟ್ಟಾಗುತ್ತದೆ. ಮೂರಡಿ ಎತ್ತರದ ಮೇಲೆ, ತಳದಲ್ಲಿ ಸುರ್ಕಿ ಗಚ್ಚು ಇಟ್ಟು ಹಾಕುವುದು ವಾಸಿ.

ಥರ್ಮಕೋಲಿನ ಹಲಗೆ ಅಂಟಿಸಿ ಮೇಲೆ ತೆಳು ಗಿಲಾವು ಬಳಿಯುವ ಪದ್ಧತಿ ದೊಡ್ಡ ನಗರಗಳಿಗೆ ಬಂದಿದೆ. ಹೊಸ ಕಟ್ಟಡಕ್ಕೆ ಸರಿ ಹೋದೀತು. ಹಳೆಯ ಇಟ್ಟಂಗಿಗೆ ಅದು ಏನು ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಫಿಶ್‌ವಿಕ್ ಬಡಾವಣೆಯ ಉದಾಹರಣೆ ಇದೆ. 2013ರ ಸುಮಾರಿಗೆ ಅಲ್ಲಿ ಮುನ್ನೂರಕ್ಕೂ ಹೆಚ್ಚು ಹಳೆಯ ಮನೆಗಳಿಗೆ ಸರಕಾರಿ ಯೋಜನೆಯಡಿ ಹೊರಗಿನಿಂದ ಹೊದಿಕೆ ಹಾಕಲಾಯಿತು. ಕೆಲಸ ಸರಿಯಾಗದೆ ಮಳೆನೀರು ಹಿಂದೆ ಸೇರಿತು, ಹೊರಗೆ ಬರಲಾರದೆ ಒಳಗಿನ ಗೋಡೆಗಳಿಗೆ ಬೂಷ್ಟು ಹಿಡಿಯಿತು. ಮಳೆ ತಡೆಯುವ ಹೊದಿಕೆಯಲ್ಲಿ ಒಂದು ಬಿರುಕು ಬಿಟ್ಟರೆ ಅದೇ ನೀರು ಹಿಡಿದಿಡುವ ಹೊದಿಕೆಯಾಗುತ್ತದೆ.

ಬಣ್ಣವೇ ಬೇಕೆನ್ನುವವರಿಗೆ ಜರ್ಮನಿಯ ಆಡಾಲ್ಫ್ ವಿಲ್‌ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಸಿಲಿಕೇಟ್ ಬಣ್ಣ ಇದೆ. ಪೊಟ್ಯಾಸಿಯಂ ಸಿಲಿಕೇಟಿನ ದ್ರಾವಣ ಗಚ್ಚಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಪೊರೆ ಕಟ್ಟುವುದಿಲ್ಲ, ದಶಕಗಟ್ಟಲೆ ನಿಲ್ಲುತ್ತದೆ. ತುಟ್ಟಿ. ಹಳೆಯ ಎಮಲ್ಶನ್ನಿನ ಮೇಲೆ ಹಿಡಿಯುವುದಿಲ್ಲ, ಮೊದಲು ಅದನ್ನು ಪೂರ್ತಿ ಕೆರೆಯಬೇಕು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಜನವರಿಯಲ್ಲಿ ತಂದ ಸಗಣಿ ಆಧಾರಿತ ಪ್ರಾಕೃತಿಕ ಪೇಂಟಿನ ಬಗ್ಗೆ ಆಸೆ ಪಡುವವರಿದ್ದಾರೆ. ಅದರಲ್ಲಿ ಡಿಸ್ಟೆಂಪರ್ ಒಂದು, ಎಮಲ್ಶನ್ ಒಂದು. ಸಗಣಿ ಇದ್ದ ಮಾತ್ರಕ್ಕೆ ನಮ್ಮ ಅಜ್ಜಿಯರು ಸಾರಿಸಿದ ಗೋಡೆ ಆಗುವುದಿಲ್ಲ. ಬಂಧಕ ಯಾವುದು ಎಂಬುದರ ಮೇಲೆ ಅದರ ಉಸಿರು. ತೆಳುಪದರದ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ. ಔರಾದ್, ಕಮಲನಗರದ ಹಳ್ಳಿಗಳ ಮಣ್ಣು ಸಗಣಿಯ ಲೇಪವೇನೋ ಒಣ ಗೋಡೆಗೆ ಅಪ್ಪಟ ಒಳ್ಳೆಯದು, ಸೂರು ಮುಂದೆ ಚಾಚಿ ಮಳೆ ತಾಗದಿದ್ದರೆ. ಬೀದರ ಸೀಮೆಗೆ ವರ್ಷಕ್ಕೆ ಸುಮಾರು 850ರಿಂದ 900 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನಿಂದ ಸೆಪ್ಟೆಂಬರ್, ಹೊಡೆತ ಪಡುವಣದಿಂದ. ಪಡುವಣ ಗೋಡೆಗೆ ಮಣ್ಣು ಬೇಡ.

ಗೋಡೆಯ ಬಗ್ಗೆ ಇಷ್ಟೆಲ್ಲ ಹೇಳಿ ಸೂರಿನ ಬಗ್ಗೆ ಹೇಳದಿದ್ದರೆ ಮೋಸವಾದೀತು. ಒಂದೇ ಅಂತಸ್ತಿನ ಮನೆಗೆ ನಡುಹಗಲ ಬಿಸಿ ಹೆಚ್ಚಾಗಿ ಬರುವುದು ಮೇಲಿನಿಂದ. ಕಿಲ್ಲಾರಿಯ ನಂತರ ಮಣ್ಣಿನ ಮಾಳಿಗೆ ತೆಗೆದು ನಾಲ್ಕೈದು ಇಂಚಿನ ಕಾಂಕ್ರೀಟ್ ಅಥವಾ ತಗಡು ಹಾಕಿದ ಮನೆಗಳಲ್ಲಿ ಸೆಖೆಗೆ ಗೋಡೆಯನ್ನು ದೂರುವುದು ಅನ್ಯಾಯ. ಅಂಥ ಮನೆಗೆ ಮೊದಲ ರೂಪಾಯಿ ಸೂರಿನ ಬಿಳುಪಿಗೆ ಹೋಗಬೇಕು. ಗಡಿಯಾಚೆಯ ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿಯನ್ನೇ ಹೊರಡಿಸಿದೆ. ಕೇಂದ್ರದ ಇಕೋ ನಿವಾಸ್ ಸಂಹಿತೆ 2018ರಿಂದ ಹೊಸ ವಸತಿ ಕಟ್ಟಡಗಳ ಗೋಡೆ ಸೂರುಗಳಿಗೆ ಶಾಖದ ಮಿತಿ ಹಾಕಿದೆ. ಹಳೆಯ ಇಟ್ಟಂಗಿ ಮನೆಯವನಿಗೆ ಎರಡರಲ್ಲೂ ಹೆಚ್ಚಿನ ದಿಕ್ಕು ಸಿಗುವುದಿಲ್ಲ.

ಆಗಲೇ ಸಿಮೆಂಟ್ ಬಳಿಸಿಯಾಗಿದೆ, ಏನು ಮಾಡಲಿ ಎನ್ನುವವರೇ ಈಗ ಬಹುಪಾಲು. ಗಟ್ಟಿಯಾಗಿ ಹಿಡಿದಿದ್ದು, ಗೋಡೆ ಒಣಗಿದ್ದರೆ ಕೀಳಬಾರದು; ಕೀಳುವಾಗ ಇಟ್ಟಂಗಿಯ ಮುಖವೂ ಬರುತ್ತದೆ. ತಟ್ಟಿದಾಗ ಪೊಳ್ಳು ಸದ್ದು ಕೊಡುವಷ್ಟನ್ನು, ನೆಲದಿಂದ ಹಸಿ ಏರಿದಷ್ಟು ಎತ್ತರಕ್ಕೆ, ಮೊದಲು ಪಡುವಣ ಗೋಡೆಯಲ್ಲಿ ಕೀಳುವುದು ಸರಿ. ಅದಕ್ಕೂ ಮೊದಲು ಗೋಡೆಯ ಬುಡದ ಮಣ್ಣು ತೆಗೆದು, ಕಂಕರು ತುಂಬಿ, ನೀರಿಗೆ ಓಟ ಕೊಡಬೇಕು. ಕಿತ್ತ ಗೋಡೆಗೆ ಅವಸರದಲ್ಲಿ ಏನೂ ಹಚ್ಚಬಾರದು. ಉಪ್ಪು ಬಿಳಿಯಾಗಿ ಮೇಲೆ ಬರುತ್ತದೆ, ಒಣ ಬ್ರಷ್ಷಿನಿಂದ ಗುಡಿಸಿ ದೂರ ಚೆಲ್ಲಬೇಕು; ನೀರಿನಲ್ಲಿ ತೊಳೆದರೆ ಮತ್ತೆ ಒಳಗೆ ಹೋಗುತ್ತದೆ. ಸುರ್ಕಿ ಗಚ್ಚಿಗೆ ಬೇಗ ಬಿಗಿಯಲೆಂದು ಒಂದು ಬುಟ್ಟಿ ಸಿಮೆಂಟ್ ಬೆರೆಸುವುದು ಗೌಂಡಿಗಳ ಚಾಳಿ, ಎದುರು ನಿಂತು ತಡೆಯಬೇಕಾಗುತ್ತದೆ.

ಈ ಸೀಮೆಯ ಹವೆಗೆ ಒಂದು ಕಾಲಕ್ರಮ ಹೊಂದುತ್ತದೆ. ದಸರೆ ಮುಗಿದು ಮಳೆ ಹಿಂದೆ ಸರಿದ ಮೇಲೆ ಕೀಳುವುದು, ಸಂಕ್ರಾಂತಿಯವರೆಗೆ ಚಳಿಗಾಲದ ಒಣ ಗಾಳಿಗೆ ಬಿಡುವುದು, ಮಾಘದಲ್ಲಿ ಗಚ್ಚು ಬಳಿದು ಗೋಣಿತಾಟು ನೆನೆಸಿ ಹೊದಿಸಿ ಎರಡು ಮೂರು ವಾರ ಹಸಿಯಾಗಿಡುವುದು, ಹೋಳಿಯ ಹೊತ್ತಿಗೆ ಸುಣ್ಣದ ನಾಲ್ಕು ಕೈ ಮುಗಿಸುವುದು. ಮೇ ತಿಂಗಳಲ್ಲಿ ಗಚ್ಚು ಹಾಕಿಸಿದವರು ಅದು ಬಿರಿದದ್ದಕ್ಕೆ ಸುಣ್ಣವನ್ನು ಬೈಯುತ್ತಾರೆ. ಕೂಲಿ ಸಿಮೆಂಟಿಗಿಂತ ಖಂಡಿತ ಹೆಚ್ಚು ಬೀಳುತ್ತದೆ, ದಿನಗಳೂ ಹೆಚ್ಚು. ಗಚ್ಚಿನ ಹದ ತಿಳಿದ ಗೌಂಡಿಗಳು ಕಡಿಮೆಯಾಗಿದ್ದಾರೆ. ಸ್ಮಾರಕಗಳ ದುರಸ್ತಿಯಲ್ಲಿ ದುಡಿದು ಕೈ ಪಳಗಿಸಿಕೊಂಡವರು ಬೀದರಿನಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಭಾಲ್ಕಿ ಔರಾದಿನವರು ಅವರನ್ನೇ ಕರೆಸಿಕೊಳ್ಳಬೇಕು. ಇಡೀ ಮನೆಗೆ ಒಪ್ಪಂದ ಮಾಡುವ ಮೊದಲು ಪಡುವಣ ಗೋಡೆಯ ಒಂದು ಅಂಕಣವನ್ನಷ್ಟೇ ಮಾಡಿಸಿ ಒಂದು ಮಳೆಗಾಲ ನೋಡುವುದು ಜಾಣತನ.